ಗುರುಗಳು ತೊಡಿಸಿದ ಕೋಟು

ದೊಡ್ಡ ಹೊದಿಕೆಯ ಒಂದು ತುದಿಯನ್ನು ಬಾಲ್ಕನಿಯ ತಂತಿಯ ಮೇಲೆ ಎಸೆದು, ಕ್ಲಿಪ್ ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಎಳೆಯುತ್ತಿದ್ದೆ. ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ತಿರುಗಿ ನೋಡಿದರೆ ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟು, ತಲೆಗೆ ಟೋಪಿ, ಕುತ್ತಿಗೆಗೆ ಮಫ್ಲರ್ ಹಾಕಿಕೊಂಡ ಗಂಡಸೊಬ್ಬ ನಮ್ಮ ಮನೆಯ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ. ನನ್ನ ಬಾಯಲ್ಲಿದ್ದ ಕ್ಲಿಪ್ ಬಿತ್ತು, ಕೈಯಲ್ಲಿದ್ದ ಹೊದಿಕೆಯೂ ಬಿತ್ತು. ಕ್ಲಿಪ್ ನನ್ನ ಕಾಲ ಬಳಿಯೇ ಬಿತ್ತು. ಹೊದಿಕೆ ಎರಡು ಮಹಡಿ ಕೆಳಗೆ, ಅಂಗಡಿಯ ಬಾಗಿಲು ತೆಗೆಯುತ್ತಿದ್ದ ದರ್ಜಿಯ ತಲೆಯ ಮೇಲೆ ಬಿತ್ತು.

"ನಾನೇ ಕಣೇ," ಎಂದಿತು ಟೋಪಿ, ನೊರೆಯ ನಡುವಿನಿಂದ.

ನಮ್ಮವರು.

ಅವರ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರ್ ಇರುತ್ತದಲ್ಲ, ಅದರ ಹಿಂದೆ ಕೂರುವುದು ಅವರ ಕೆಲಸ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ, ಊಟದ ಡಬ್ಬಿ, ಒಮ್ಮೆ ಒಂದು ಜೊತೆ ಕಟ್ಟಿಸಿದ ಹಲ್ಲು, ಎಲ್ಲವನ್ನೂ ಕಪಾಟಿನಲ್ಲಿ ಜೋಡಿಸಿಟ್ಟು, ಹುಡುಕಿಕೊಂಡು ಬಂದವರಿಗೆ ಗುರುತು ಕೇಳಿ ಕೊಡುತ್ತಾರೆ. ಪರರ ವಸ್ತುವಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಲ್ಲು ಕೇಳಲು ಬಂದ ಬೊಚ್ಚುಬಾಯಿಯ ಅಜ್ಜನಿಗೂ, "ನಿಮ್ಮದೇ ಅನ್ನೋಕೆ ಏನು ಗುರುತು?" ಎಂದು ಕೇಳಿದವರು. ಆಳು ವಿಪರೀತ ಉದ್ದ, ಅಷ್ಟೇ ತೆಳ್ಳಗೆ. ಕಟ್ಟಡದಲ್ಲಿ ಎಲ್ಲರೂ ಲಂಬು ಎನ್ನುತ್ತಾರೆ. ಸುಮ್ಮನೆ ನಿಂತರೆ ನಿಂತಿದ್ದಾರೆಂದೇ ತಿಳಿಯುವುದಿಲ್ಲ. ಮದುವೆಯಾದ ಹೊಸತರಲ್ಲಿ ಕರೆಂಟ್ ಹೋದಾಗ ನಾನೇ ಒಂದೆರಡು ಸಲ ಒದ್ದೆ ಟವೆಲನ್ನು ಅವರ ಹೆಗಲ ಮೇಲೆ ಹರವಿ ಬಂದದ್ದುಂಟು. ಅವರೂ ಏನೂ ಹೇಳದೆ, ಕರೆಂಟ್ ಬರುವವರೆಗೆ ಹಾಗೇ ನಿಂತಿದ್ದರು.

ಇಂಥ ಮನುಷ್ಯನಿಗೆ ಇರುವುದು ಒಂದೇ ಹುಚ್ಚು, ಕ್ಲಾರಿನೆಟ್. ಅದೂ ಒಬ್ಬರದೇ ಕ್ಲಾರಿನೆಟ್. ಅವರನ್ನು ನಮ್ಮವರು ಗುರುಗಳು ಎನ್ನುತ್ತಾರೆ, ಒಂದು ದಿನವೂ ಪಾಠ ಹೇಳಿಸಿಕೊಂಡಿಲ್ಲ. ಅವರ ಸಂಗೀತ ಕಛೇರಿ ಸುತ್ತಮುತ್ತ ಎಲ್ಲಿ ನಡೆದರೂ ರಜೆ ಹಾಕಿ ಹೋಗುತ್ತಾರೆ, ಬೇಗ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಹಿಂದಿನವರು ಬೆನ್ನು ತಟ್ಟಿ, "ಸ್ವಾಮಿ, ನೀವು ಎದ್ದು ನಿಂತಿದ್ದೀರಾ, ಕೂತಿದ್ದೀರಾ?" ಎನ್ನುತ್ತಾರೆ. ಇವರು ಒಂದು ಸಾಲು ಹಿಂದಕ್ಕೆ ಹೋಗುತ್ತಾರೆ. ಅಲ್ಲಿಯೂ ಅದೇ ಮಾತು. ಕೊನೆಗೆ ಇಡೀ ಕಛೇರಿಯನ್ನು ಹಿಂಬದಿಯ ಗೋಡೆಗೆ ಒರಗಿ ನಿಂತು ಕೇಳಿ ಬರುತ್ತಾರೆ. ಎಷ್ಟು ವರ್ಷದಿಂದಲೋ ಹೀಗೆ. ಗುರುಗಳನ್ನು ಅವರು ಕಣ್ತುಂಬ ನೋಡಿದ್ದಾರೆ. ಗುರುಗಳು ಇವರನ್ನು ಒಂದು ಸಲವಾದರೂ ನೋಡಬೇಕು ಎಂಬುದೊಂದೇ ಅವರ ಆಸೆ. ಬಾಯಿಬಿಟ್ಟು ಹೇಳಿಲ್ಲ, ಆದರೆ ಆ ಗೋಡೆಯಿಂದ ಮನೆಗೆ ಬಂದವರಿಗೆ ಊಟ ಬಡಿಸುವವಳು ನಾನು.

ಹಿಂದಿನ ಸಂಜೆಯೂ ಪುಟ್ಟಿಯನ್ನು ಕರೆದುಕೊಂಡು ಕಛೇರಿಗೆ ಹೋಗಿದ್ದರು. ಪುಟ್ಟಿ ನಮ್ಮ ಮಗಳು, ಎರಡನೇ ಕ್ಲಾಸು. ನನಗೆ ಜ್ವರದ ಮೈ, ಅವರು ಬರುವ ಹೊತ್ತಿಗೆ ಮಲಗಿಬಿಟ್ಟಿದ್ದೆ. ಹಾಗಾಗಿ ಕೋಟಿನ ಸಮಾಚಾರ ನನಗೆ ಬೆಳಗ್ಗೆ ತಿಳಿಯಿತು.

"ಗುರುಗಳು ತೊಡಿಸಿದ್ದು," ಎಂದರು ನಮ್ಮವರು ಬಾಯಿ ಮುಕ್ಕಳಿಸಿ. "ಸ್ವಂತ ಕೈಯಿಂದ."

ಕಾಫಿ ಕೊಟ್ಟು ಕೂರಿಸಿ ಕೇಳಿದೆ. ನಡೆದದ್ದು ಇಷ್ಟು. ಸಭಾಂಗಣದ ಕಾವಲುಗಾರನ ಕೊಡೆಯನ್ನು ಒಮ್ಮೆ ಇವರು ಹುಡುಕಿಕೊಟ್ಟಿದ್ದರಂತೆ. ಆ ಉಪಕಾರಕ್ಕೆ ಅವನು ಇವರನ್ನು ವೇದಿಕೆಯ ಹಿಂದಿನ ಕೋಣೆಗೆ ಬಿಟ್ಟು, ತಾನು ಟ್ಯಾಕ್ಸಿ ಕರೆಯಲು ಹೋಗಿದ್ದಾನೆ. ಕೋಣೆಯಲ್ಲಿ ಮಂಕು ದೀಪ. ಇವರು ಬಾಗಿಲ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾರೆ. ಗುರುಗಳು ಒಳಗೆ ಬಂದಿದ್ದಾರೆ.

"ಮಾತಾಡೋಣ ಅಂದ್ರೆ ಬಾಯಿ ಒಣಗಿಹೋಯ್ತು ಕಣೇ. ಒಂದು ಸಲ ತಬ್ಕೊಂಡುಬಿಡೋಣ ಅಂತ ಎರಡೂ ಕೈ ಹೀಗೆ ಚಾಚಿದೆ. ಉಸಿರು ಕೂಡ ಬಿಡಲಿಲ್ಲ."

"ಆಮೇಲೆ?"

"ಸೀದಾ ನನ್ನ ಹತ್ರ ಬಂದ್ರು. ಮುಖದ ಬೆವರು ಒರೆಸ್ಕೊಂಡ್ರು. ತಮ್ಮ ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದ್ರು. ಟೋಪಿ ತೆಗೆದು, ತುದಿಗಾಲಲ್ಲಿ ನಿಂತು ನನ್ನ ತಲೆ ಮೇಲಿಟ್ರು. ಮಫ್ಲರ್ ಬಿಚ್ಚಿ ಈ ಕೈ ಮೇಲೆ ಹಾಕಿದ್ರು. ಮುಖ ತೊಳೆಯೋಕೆ ಹೋದೋರು ಆ ಕಡೆ ಬಾಗಿಲಿಂದ ಹೊರಟೇ ಹೋದ್ರು."

"ಏನೂ ಹೇಳಲಿಲ್ವಾ?"

"ಅಂಥ ಹೊತ್ತಲ್ಲಿ ಮಾತು ಬೇಕಾ?"

"ಕನ್ನಡಕ ಹಾಕ್ಕೊಂಡಿದ್ರಾ?"

"ಊದೋವಾಗ ತೆಗೆದಿಡ್ತಾರೆ. ಬೆವರಿಗೆ ಜಾರುತ್ತೆ ಅಂತ. ಯಾಕೆ ಕೇಳ್ತೀಯಾ?"

"ಸುಮ್ನೆ ಕೇಳ್ದೆ. ಅಲ್ಲಿ ಕೋಟು ನೇತುಹಾಕೋ ಸ್ಟ್ಯಾಂಡು ಇರಲಿಲ್ವಾ?"

"ಅದಾ? ಅದನ್ನ ವೇದಿಕೆಗೆ ತಗೊಂಡು ಹೋಗಿದ್ರು. ಮೈಕ್ ನಿಲ್ಲಿಸೋ ಕೋಲು ಮುರಿದಿತ್ತಂತೆ, ಕೋಟಿನ ಸ್ಟ್ಯಾಂಡಿಗೇ ಮೈಕ್ ಕಟ್ಟಿದ್ರು. ಏನು ವ್ಯವಸ್ಥೆನೋ," ಎಂದು ನಮ್ಮವರು ತಲೆಯಾಡಿಸಿದರು. ಟೋಪಿಯೂ ಆಡಿತು.

ನಾನು ಪುಟ್ಟಿಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಂಡವಳು ಅವಳೊಬ್ಬಳೇ. ಶಾಲೆಯಲ್ಲಿ ಕಲಿಸಿದಂತೆ ಬೆರಳೆತ್ತಿ, "ಅಮ್ಮಾ, ಆದ್ರೆ ಆ ಅಜ್ಜ ಅಪ್ಪನ್ನ..." ಎಂದು ಶುರುಮಾಡಿದಳು. ನಾನು ಬಿಸ್ಕತ್ತೊಂದನ್ನು ಅವಳ ಬಾಯಿಗಿಟ್ಟೆ.

ಆಗ ಹೊದಿಕೆ ಹೊತ್ತುಕೊಂಡು ದರ್ಜಿಯಣ್ಣ ಬಂದ.

"ಅಕ್ಕಾ, ನನ್ನನ್ನ ಹೊದಿಸಿ ಮಲಗಿಸೋ ಯೋಚನೆ ಏನಾದ್ರೂ..." ಎಂದವನು ಕೋಟು ಕಂಡದ್ದೇ ಮಾತು ನಿಲ್ಲಿಸಿದ. ಹೊದಿಕೆಯನ್ನು ನನ್ನ ಕೈಗೆ ತುರುಕಿ, ನಮ್ಮವರ ಸುತ್ತ ಒಂದು ಸುತ್ತು ಬಂದು, ಕೋಟಿನ ಅಂಚನ್ನು ಮಡಿಸಿ ಒಳಹೊಲಿಗೆ ನೋಡಿದ. "ಅಬ್ಬಾ. ಕೈಹೊಲಿಗೆ. ಯಾರದು ಲಂಬು ಸಾರ್?"

ನಮ್ಮವರು ಹೇಳಿದರು. ನಿಂತು ಹೇಳಿದರು, ಕೈ ಚಾಚಿ ತೋರಿಸಿ ಹೇಳಿದರು. ದರ್ಜಿಯಣ್ಣನಿಗೆ ಕಣ್ಣು ಒದ್ದೆಯಾಯಿತು. "ಎಲ್ಲಾ ಸರಿ, ಒಂದು ಬಟನ್ ಮಾತ್ರ ಕರೀದು, ಉಳಿದದ್ದೆಲ್ಲ ಕಂದು. ತೋಳು ನಿಮಗೆ ಗೇಣುದ್ದ ಗಿಡ್ಡ. ಭುಜ ಅಗಲ," ಎಂದು ಗೊಣಗುತ್ತ ಇಳಿದುಹೋದ.

ದರ್ಜಿಯ ಅಂಗಡಿಗೆ ಒಂದು ಸುದ್ದಿ ಹೋದರೆ ಸಾಕು, ಅದು ಹೊಲಿಗೆ ಬಿಚ್ಚಿಕೊಂಡು ಊರೆಲ್ಲ ಓಡಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲ ಮುಂದೆ ಚಪ್ಪಲಿಗಳ ಗುಡ್ಡೆ. ಕೋಟನ್ನು ಕುರ್ಚಿಗೆ ತೊಡಿಸಿ ಕೂರಿಸಿದ್ದೆವು. ಬಂದವರು ಕುರ್ಚಿಯ ಎದುರು ಸ್ವಲ್ಪ ಹೊತ್ತು ನಿಂತು, ನಮ್ಮವರ ಕೈಕುಲುಕಿ, ನನ್ನ ಕೈಯಿಂದ ಚಹಾ ಕುಡಿದು ಹೋದರು. ಎರಡು ಬೀದಿ ಆಚೆ ಇರುವ ನನ್ನ ನಾದಿನಿ ಬಂದವಳು ಎಲ್ಲರಿಗೂ ಕೇಳುವಂತೆ, "ಅಣ್ಣನಿಗೆ ಸಂಗೀತ ಹುಟ್ಟಿನಿಂದಲೇ ಬಂದಿದ್ದು. ತೊಟ್ಟಿಲಲ್ಲಿ ಅಳೋವಾಗ್ಲೂ ರಾಗವಾಗೇ ಅಳ್ತಿದ್ನಂತೆ," ಎಂದಳು. ಅವಳು ಅಣ್ಣನಿಗಿಂತ ಆರು ವರ್ಷಕ್ಕೆ ಚಿಕ್ಕವಳು.

ಕೊನೆಗೆ ಬಂದವರು ಕಟ್ಟಡದ ಸಂಘದ ಕಾರ್ಯದರ್ಶಿಗಳು. ನಮ್ಮ ಲಿಫ್ಟ್ ಬಹಳ ಕಾಲದಿಂದ ಕೆಟ್ಟು ನಿಂತಿತ್ತು. ಕಾರ್ಯದರ್ಶಿಗಳು ಅದನ್ನು ಅಂತೂ ಇಂತೂ ರಿಪೇರಿ ಮಾಡಿಸಿ, ಉದ್ಘಾಟನೆಗೆ ದೊಡ್ಡವರು ಯಾರಾದರೂ ಸಿಗುವವರೆಗೆ ಯಾರೂ ಹತ್ತಬಾರದೆಂದು ಹಗ್ಗ ಕಟ್ಟಿಸಿದ್ದರು.

"ಗುರುಗಳನ್ನ ಕರೆಸಿಬಿಡಿ," ಎಂದರು ಅವರು ಕೋಟಿಗೆ ನಮಸ್ಕಾರ ಮಾಡಿ.

"ಲಿಫ್ಟಿಗಾ?" ಎಂದರು ನಮ್ಮವರು.

"ಮೈಮೇಲಿನ ಕೋಟೇ ಕೊಟ್ಟವರು ನಿಮಗೋಸ್ಕರ ಅರ್ಧ ಗಂಟೆ ಕೊಡಲ್ವಾ? ಭಾನುವಾರ ಮಧ್ಯಾಹ್ನ ಅದೇ ಸಭಾಂಗಣದಲ್ಲಿ ಇನ್ನೊಂದು ಕಛೇರಿ ಇದೆ. ನಾವೆಲ್ಲ ಬರ್ತೀವಿ. ನೀವು ಒಂದು ಮಾತು ಹೇಳಿ ಸಾಕು."

ನಮ್ಮವರು ನನ್ನ ಮುಖ ನೋಡಿದರು. ನಾನು ಪುಟ್ಟಿಯ ಮುಖ ನೋಡಿದೆ, ಯಾಕೆಂದರೆ ಅವಳ ಬೆರಳು ಮೇಲೆದ್ದಿತ್ತು. "ಆದ್ರೆ ಆ ಅಜ್ಜ ಅಪ್ಪನ್ನ..."

"ಪುಟ್ಟೀ, ಹೋಗಿ ಒಗ್ಗರಣೆ ಸೌಟು ತಗೊಂಡು ಬಾ," ಎಂದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅವಳು ಸೌಟು ಹುಡುಕಿ ತರುವಷ್ಟರಲ್ಲಿ ನಮ್ಮವರು ಒಪ್ಪಿಬಿಟ್ಟಿದ್ದರು.

ಮರುದಿನ ಸಂಜೆ ಕೆಲಸದಿಂದ ಬಂದವರ ಮುಖ ಬಾಡಿತ್ತು. ಕೋಟು ಬಿಚ್ಚಿ ಹ್ಯಾಂಗರಿಗೆ ಹಾಕಿ, ಅದರ ಭುಜ ಸವರುತ್ತ ನಿಂತರು.

"ಪಾಪ ಕಣೇ ಗುರುಗಳು."

"ಏನಾಯ್ತು?"

"ಸಭಾಂಗಣದ ಕಾವಲುಗಾರ ನಮ್ಮ ಕೌಂಟರಿಗೆ ಫೋನ್ ಮಾಡಿದ್ದ. ಗುರುಗಳ ಕೋಟು ಕಳೆದುಹೋಗಿದ್ಯಂತೆ. ಟ್ಯಾಕ್ಸಿಯಿಂದ ಬಸ್ ನಿಲ್ದಾಣದಲ್ಲಿ ಇಳಿದ್ರಂತೆ, ಅಲ್ಲೇನಾದ್ರೂ ಬಿಟ್ರಾ, ನಿಮ್ಮಲ್ಲಿಗೆ ಬಂದಿದ್ಯಾ ಅಂತ ಕೇಳ್ದ."

ನಾನು ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟೆ. "ನೀವೇನಂದ್ರಿ?"

"ಗುರುತು ಕೇಳ್ದೆ. ಬಣ್ಣ? ಕಂದು. ಬಟ್ಟೆ? ಉಣ್ಣೆ. ಬಟನ್? ಒಂದು ಮಾತ್ರ ಕರೀದು. ಜೊತೆಗೆ ಟೋಪಿ, ಮಫ್ಲರ್. ಚಿಂತೆ ಬೇಡ, ಅಂಥದ್ದೇ ಒಂದು ನನ್ನ ಮೈಮೇಲಿದೆ, ಅದನ್ನ ನೋಡ್ಕೊಂಡೇ ಹುಡುಕ್ತೀನಿ ಅಂದೆ. ಅಷ್ಟರಲ್ಲಿ ಬಸ್ಸೊಂದು ಹಾರ್ನ್ ಹೊಡೀತು, ಅವನಿಗೆ ಕೇಳಿಸ್ತೋ ಇಲ್ವೋ. ಎಲ್ಲಾ ಕಪಾಟೂ ತೆಗೆದು ನೋಡ್ದೆ. ಸಿಗಲಿಲ್ಲ."

"ಒಂದೇ ಥರದ ಎರಡು ಕೋಟು," ಎಂದೆ ನಾನು, ಆದಷ್ಟು ಮೆಲ್ಲಗೆ.

"ಜೋಡಿ ಹೊಲಿಸಿದ್ರು ಅಂತ ಕಾಣುತ್ತೆ."

"ಕರೀ ಬಟನ್ ಸಮೇತ."

"ಅದೇ ಅವರ ಗುರುತು ಇರಬೇಕು." ನಮ್ಮವರು ಬ್ರಷ್ ಎತ್ತಿಕೊಂಡರು. "ಎಂಥಾ ಮನುಷ್ಯ ನೋಡು. ಇದ್ದ ಎರಡರಲ್ಲಿ ಒಂದನ್ನ ನನಗೆ ಕೊಟ್ರು. ಇನ್ನೊಂದು ಕಳ್ಕೊಂಡ್ರು. ಈಗ ಈ ಚಳೀಲಿ ಏನು ಹಾಕ್ಕೊಂಡು ಓಡಾಡ್ತಾರೋ."

ಆಗಲೇ ಹೇಳಿಬಿಡಬೇಕಿತ್ತು ಎಂದು ನೀವು ಅನ್ನಬಹುದು. ನನ್ನ ಜಾಗದಲ್ಲಿ ನಿಂತು, ಹ್ಯಾಂಗರಿನ ಕೋಟಿಗೆ ಬ್ರಷ್ ಹೊಡೆಯುವ ಆ ಉದ್ದನೆಯ ಮನುಷ್ಯನನ್ನು ನೋಡಿ ಆಮೇಲೆ ಅನ್ನಿ. ಆ ರಾತ್ರಿಯ ಅನ್ನ ತಳ ಹಿಡಿಯಿತು.

ಊಟದ ನಡುವೆ ಅವರು ತಲೆಯೆತ್ತಿದರು. "ಒಂದು ಯೋಚನೆ ಮಾಡಿದ್ದೀನಿ. ಭಾನುವಾರ ಈ ಕೋಟು ಗುರುಗಳಿಗೆ ವಾಪಸ್ ಕೊಟ್ಟುಬಿಡ್ತೀನಿ. ನನಗೆ ಸ್ವೆಟರ್ ಇದೆ. ಏನಂತೀಯ?"

ನಾನು ಅವರ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದೆ. ಕೋಟು ತನ್ನ ಯಜಮಾನನಿಗೆ ಸೇರುತ್ತದೆ, ಯಜಮಾನ ಸಂತೋಷಪಡುತ್ತಾರೆ, ನಮ್ಮವರು ತಾವು ಯಾವುದರ ಬದಲಿಗೆ ನಿಂತಿದ್ದರೆಂದು ತಿಳಿಯದೆಯೇ ಮನೆಗೆ ಬರುತ್ತಾರೆ. ನಾನು ಮಾಡಬೇಕಾದದ್ದು ಒಂದೇ, ಭಾನುವಾರ ಸಂಜೆಯವರೆಗೆ ಪುಟ್ಟಿಯ ಬಾಯಿ ತುಂಬಿಸಿಡುವುದು. ಬಿಸ್ಕತ್ತಿನ ದೊಡ್ಡ ಪೊಟ್ಟಣವನ್ನೇ ತಂದಿಟ್ಟೆ. ಅವಳು ಆ ವಾರ ಬೆರಳೆತ್ತಿದ್ದಕ್ಕೆ ಲೆಕ್ಕವಿಲ್ಲ. ಸ್ನಾನದ ನಡುವೆ, ಮಗ್ಗಿ ಹೇಳುವ ನಡುವೆ, ಜಡೆ ಹಾಕುವಾಗ. "ಅಮ್ಮಾ, ಅಪ್ಪ ಕೈ ಚಾಚಿದ್ರಲ್ಲ, ಆದ್ರೆ..." ಎನ್ನುವಳು. "ತಲೆ ಅಲ್ಲಾಡಿಸ್ಬೇಡ," ಎನ್ನುವೆನು.

ಆದರೆ ದರ್ಜಿಯಣ್ಣನ ಬಾಯಿ ತುಂಬಿಸಿಡುವುದು ನನಗೆ ಹೊಳೆಯಲಿಲ್ಲ. ಅವನ ಕೈ ಕಟ್ಟಿಹಾಕುವುದಂತೂ ಹೊಳೆಯಲೇ ಇಲ್ಲ. ಶನಿವಾರ ನಾನು ಮಾರುಕಟ್ಟೆಗೆ ಹೋಗಿದ್ದಾಗ, ಇಸ್ತ್ರಿ ಮಾಡಿ ಕೊಡುತ್ತೇನೆಂದು ಕೋಟು ಒಯ್ದನಂತೆ. ಭಾನುವಾರ ಹೊರಡುವ ಗಳಿಗೆಯಲ್ಲಿ ತಂದು ನಮ್ಮವರ ಮೈಮೇಲೆ ಹಾಕಿದ.

"ನನ್ನ ಉಡುಗೊರೆ. ಕೂಲಿ ಬೇಡ," ಎಂದ. ತೋಳನ್ನು ಗೇಣುದ್ದ ಬೆಳೆಸಿದ್ದ. ಭುಜವನ್ನು ಒಳಗೆ ಹಿಡಿದಿದ್ದ. ಕರೀ ಬಟನ್ ಕಿತ್ತು ಕಂದು ಬಟನ್ ಹಚ್ಚಿದ್ದ. ಜನ್ಮದಲ್ಲೇ ಯಾವ ಬಟ್ಟೆಯೂ ನಮ್ಮವರ ಮೈಗೆ ಅಷ್ಟು ಚೆನ್ನಾಗಿ ಕೂತಿರಲಿಲ್ಲ. ನಾನು ಗೋಡೆ ಹಿಡಿದುಕೊಂಡೆ.

"ಅಕ್ಕನಿಗೆ ಸಂತೋಷ ತಡೆಯೋಕಾಗ್ತಿಲ್ಲ," ಎಂದ ದರ್ಜಿಯಣ್ಣ.

ಕಛೇರಿ ಚೆನ್ನಾಗಿ ನಡೆಯಿತೆಂದು ಜನ ಹೇಳಿದರು. ನನಗೆ ಒಂದು ಸ್ವರವೂ ನೆನಪಿಲ್ಲ. ಮೈಕಿನ ಕೋಲು ಇನ್ನೂ ರಿಪೇರಿಯಾಗದೆ, ಮೈಕನ್ನು ಆ ಕೋಟಿನ ಸ್ಟ್ಯಾಂಡಿಗೇ ಕಟ್ಟಿದ್ದರು. ನಾನು ಪೂರ್ತಿ ಅದನ್ನೇ ನೋಡುತ್ತಿದ್ದೆ. ಉದ್ದಕ್ಕೆ, ತೆಳ್ಳಗೆ, ಮೇಲೆ ಸ್ವಲ್ಪ ಬಗ್ಗಿ, ಎರಡು ಕೈ ಚಾಚಿ ನಿಂತಿತ್ತು. ನಮ್ಮವರು ಎಂದಿನಂತೆ ಹಿಂಬದಿಯ ಗೋಡೆಗೆ ಒರಗಿ ನಿಂತು ಕೇಳಿದರು. ಕಣ್ಣು ಮುಚ್ಚಿತ್ತು.

ಕಛೇರಿ ಮುಗಿದ ಮೇಲೆ ಎಲ್ಲರೂ ಹಿಂದಿನ ಕೋಣೆಗೆ ಹೊರಟೆವು. ಮುಂದೆ ನಮ್ಮವರು, ಆಮೇಲೆ ಹೂಗುಚ್ಛ ಹಿಡಿದ ಕಾರ್ಯದರ್ಶಿಗಳು, ದರ್ಜಿಯಣ್ಣ, ನಾದಿನಿ, ಪುಟ್ಟಿ, ನಾನು. ಕಾವಲುಗಾರ ಬಾಗಿಲು ತೆಗೆದವನು ಕೋಟು ನೋಡಿ ಹುಬ್ಬು ಗಂಟಿಕ್ಕಿದ. ಗುರುಗಳು ತೆಳು ಅಂಗಿಯಲ್ಲಿ ಕುರ್ಚಿಯ ಮೇಲೆ ಕೂತು ಕ್ಲಾರಿನೆಟ್ ಒರೆಸುತ್ತಿದ್ದರು. ಗುಂಡಗೆ, ಗಿಡ್ಡಗೆ ಇದ್ದರು. ವೇದಿಕೆಯ ಮೇಲೆ ಅಷ್ಟು ಗಿಡ್ಡ ಎನಿಸಿರಲಿಲ್ಲ.

"ನಮಸ್ಕಾರ," ಎಂದರು ಅವರು ಕಣ್ಣು ಕಿರಿದು ಮಾಡಿ. ಕನ್ನಡಕ ಪೆಟ್ಟಿಗೆಯಲ್ಲಿತ್ತು.

"ಗುರುಗಳೇ," ಎಂದು ಶುರುಮಾಡಿದರು ನಮ್ಮವರು. "ನಿಮ್ಮ ಇನ್ನೊಂದು ಕೋಟು ಕಳೆದುಹೋಯ್ತಂತೆ. ಕಪಾಟೆಲ್ಲ ಹುಡುಕ್ದೆ, ಸಿಗಲಿಲ್ಲ. ಅದಕ್ಕೆ ನೀವು ನನಗೆ ಕೊಟ್ಟಿದ್ದನ್ನೇ ತಂದಿದ್ದೀನಿ. ಬೇಡ ಅನ್ಬಾರದು." ಕೋಟು ಬಿಚ್ಚಿ ಅವರಿಗೆ ತೊಡಿಸಿದರು. ಟೋಪಿ ಇಟ್ಟರು. ಮಫ್ಲರ್ ಸುತ್ತಿದರು.

ಗುರುಗಳು ಕೈ ಮುಂದೆ ಮಾಡಿದರು. ಕೈ ಕಾಣಿಸಲಿಲ್ಲ, ತೋಳಷ್ಟೇ ಜೋತುಬಿತ್ತು. ಭುಜ ಬಿಗಿದು, ಬೆನ್ನಲ್ಲಿ ಏನೋ ಟರ್ ಎಂದಿತು. ದರ್ಜಿಯಣ್ಣ ಕಣ್ಣು ಮುಚ್ಚಿಕೊಂಡ.

"ವಾಸನೆ ನನ್ನ ಕೋಟಿಂದೇ," ಎಂದರು ಗುರುಗಳು ಕಾಲರನ್ನು ಮೂಸಿ. "ಅಳತೆ ನನ್ನದಲ್ಲ. ನಾನು ಒಂದು ವಾರದಲ್ಲಿ ಸವೆದುಹೋದ್ನಾ?"

"ನೀವೇ ಕೊಟ್ಟಿದ್ದು ಗುರುಗಳೇ. ಹೋದ ಸಲ. ಇದೇ ಕೋಣೇಲಿ," ಎಂದರು ನಮ್ಮವರು.

"ನಾನಾ? ನಾನು ಯಾರಿಗೂ ಕೊಟ್ಟಿಲ್ಲಪ್ಪ. ಬಂದೆ, ಸ್ಟ್ಯಾಂಡಿಗೆ ನೇತುಹಾಕ್ದೆ, ಮುಖ ತೊಳ್ಕೊಂಡು ಹೋಗೋವಾಗ ಮರೆತೆ. ಇಲ್ಲೇ, ಬಾಗಿಲ ಪಕ್ಕ."

"ಅವತ್ತು ಸ್ಟ್ಯಾಂಡ್ ಇಲ್ಲಿರಲಿಲ್ಲ ಗುರುಗಳೇ," ಎಂದ ಕಾವಲುಗಾರ. "ಮೈಕಿಗೆ ಕಟ್ಟಿದ್ವಿ. ಅದಕ್ಕೇ ನೀವು ಟ್ಯಾಕ್ಸಿಲಿ ಬಿಟ್ಟಿರಬೇಕು ಅಂದ್ಕೊಂಡೆ."

ಕಾರ್ಯದರ್ಶಿಗಳು ಹೂಗುಚ್ಛವನ್ನು ಮೆಲ್ಲಗೆ ಬೆನ್ನ ಹಿಂದೆ ಮಾಡಿಕೊಂಡರು. ನಾದಿನಿ ಸೂರು ನೋಡಿದಳು. ನಮ್ಮವರು ಬಾಗಿಲ ಪಕ್ಕದ ಖಾಲಿ ಜಾಗವನ್ನು ನೋಡಿದರು, ಆಮೇಲೆ ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ಕಳೆದುಹೋದ ಸಾಮಾನಿನ ಕಪಾಟಿನಲ್ಲಿ ಯಾರೂ ಕೇಳಲು ಬಾರದ ಕೊಡೆಯೊಂದು ಮೂಲೆ ಹಿಡಿದು ನಿಂತಿರುತ್ತದೆ. ಆ ಗಳಿಗೆಯಲ್ಲಿ ನನ್ನ ಗಂಡ ಹಾಗೆ ನಿಂತಿದ್ದರು.

"ಹಾಗಾದ್ರೆ ನಾನು..." ಎಂದರು.

ಗುರುಗಳು ಪೆಟ್ಟಿಗೆ ತಡಕಾಡಿ, ಉದ್ದ ತೋಳಿನೊಳಗಿಂದಲೇ ಕನ್ನಡಕ ಎತ್ತಿ ಹಾಕಿಕೊಂಡರು. ಕತ್ತೆತ್ತಿ ಮೇಲೆ ನೋಡಿದರು. ಇನ್ನೂ ಮೇಲೆ ನೋಡಿದರು.

"ಅವತ್ತು ಕೋಟು ಹಾಕೋವಾಗ ಸ್ಟ್ಯಾಂಡು ನಡುಗ್ತಿತ್ತು," ಎಂದರು ಮೆಲ್ಲಗೆ. "ನನಗೇ ತಲೆ ಸುತ್ತು ಅಂದ್ಕೊಂಡು ಡಾಕ್ಟರ ಹತ್ರ ಹೋಗಿ ಬಂದೆ. ಒಂದು ವಾರದಿಂದ ಮಾತ್ರೆ ನುಂಗ್ತಿದ್ದೀನಿ. ನೀವಾ ಅದು?"

ನಮ್ಮವರು ತಲೆಯಾಡಿಸಿದರು. ಗುರುಗಳು ಅವರನ್ನೇ ನೋಡುತ್ತಿದ್ದರು.

ಆಗ ಪುಟ್ಟಿಯ ಬೆರಳು ಮೇಲೆದ್ದಿತು. ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಪೊಟ್ಟಣ ಖಾಲಿಯಾಗಿತ್ತು. ಅವಳು ನನ್ನನ್ನು ದಾಟಿ, ನಾದಿನಿಯ ಸೀರೆಯನ್ನು ಸರಿಸಿ, ಗುರುಗಳ ಕುರ್ಚಿಯ ಎದುರಿಗೆ ಹೋಗಿ ನಿಂತಳು. ಸ್ಟ್ಯಾಂಡಿನ ಮಾತು ಬಂತು ಎಂದುಕೊಂಡೆ.

"ಅಜ್ಜಾ," ಎಂದಳು. "ಅವತ್ತು ನಮ್ಮಪ್ಪ ಕೈ ಚಾಚಿದ್ದು ನಿಮ್ಮನ್ನ ತಬ್ಕೊಳ್ಳೋಕೆ. ನೀವು ತಬ್ಕೊಳ್ಳಲೇ ಇಲ್ಲ. ಈಗ ಕನ್ನಡಕ ಹಾಕ್ಕೊಂಡಿದ್ದೀರಲ್ಲ, ಈಗ ತಬ್ಕೋತೀರಾ?"